ಕೈ ಹಿಡಿಯುವವರ ಪಟ್ಟಿ

ಕೊತ್ತಂಬರಿ ಸೊಪ್ಪು ಕೊಳ್ಳುವಾಗಲೆಲ್ಲ ನನಗೆ ಬೆಂಕಿಯ ನೆನಪಾಗುತ್ತದೆ. ಮೊನ್ನೆ ವಾಸ್ಕೋ ಮಾರ್ಕೆಟ್ಟಿನಲ್ಲಿ ಒಂದು ಕಟ್ಟು ಕೈಗೆತ್ತಿಕೊಂಡು ಒಬ್ಬಳೇ ನಗುತ್ತ ನಿಂತಿದ್ದೆ. ಸೊಪ್ಪು ಮಾರುವವಳು ಗದಗದ ಕಡೆಯವಳು. "ಯಾಕ್ರಿ ಅಕ್ಕೋರೆ, ಸೊಪ್ಪಿನ್ಯಾಗ ಏನರೆ ಐತೇನ್ರಿ?" ಎಂದು ಗಾಬರಿಯಾಗಿ ಕಟ್ಟನ್ನು ಕಸಿದುಕೊಂಡು ಹುಳ ಹುಡುಕತೊಡಗಿದಳು. ಅಕ್ಕೋರು ಎಂದರೆ ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸು. ನನ್ನ ವೃತ್ತಿ ಅವಳಿಗೆ ಹೇಗೆ ತಿಳಿಯಿತೋ ಗೊತ್ತಿಲ್ಲ. ಇಪ್ಪತ್ತಾರು ವರ್ಷ ಮಕ್ಕಳನ್ನು ಗದರಿಸಿದವಳ ಮುಖದ ಮೇಲೆ ಅದು ಬರೆದೇ ಇರುತ್ತದೆಂದು ಕಾಣುತ್ತದೆ.

ನಮ್ಮದು ಝುವಾರಿನಗರದ ಗುಡ್ಡದ ಮೇಲಿನ ಕನ್ನಡ ಶಾಲೆ. ಒಂದರಿಂದ ಏಳನೆಯ ತರಗತಿಯವರೆಗೆ ಇದೆ, ನಾನೇ ಅದರ ಮುಖ್ಯ ಶಿಕ್ಷಕಿ. ಕಾರ್ಖಾನೆಗೆ ಹೋಗುವವರು, ಟೆಂಪೋ ಓಡಿಸುವವರು, ಗಾರೆ ಕೆಲಸದವರು, ಬೀಚಿನಲ್ಲಿ ಸರ ಮಾರುವವರು, ಇವರ ಮಕ್ಕಳೇ ನಮ್ಮ ಮಕ್ಕಳು. ವರಾಂಡದಲ್ಲಿ ನಾಲ್ಕು ಕೆಂಪು ಬಕೆಟ್ಟುಗಳನ್ನು ಸಾಲಾಗಿ ನೇತು ಹಾಕಿದ್ದೇವೆ. ಬೆಂಕಿ ಬಿದ್ದರೆ ಎರಚಲು ಅವುಗಳಲ್ಲಿ ಒಣ ಮರಳು ಇರಬೇಕೆಂಬುದು ನಿಯಮ. ಒಂದು ವರ್ಷ ನಮ್ಮ ಆಯಾ ಯಲ್ಲವ್ವ ಆ ಮರಳಿಗೆ ಅಷ್ಟಿಷ್ಟು ಮಣ್ಣು ಗೊಬ್ಬರ ಬೆರೆಸಿ ಕೊತ್ತಂಬರಿ ಹಾಕಿದ್ದಳು. ಕೇಳಿದ್ದಕ್ಕೆ, "ಉಸುಕು ಸುಮ್ನ ಕುಂತೈತ್ರಿ. ಬೆಂಕಿ ಯಾವಾಗ ಹತ್ತತೈತೋ ಏನೋ, ಅಲ್ಲೀತನಕ ನಾಕ ಕಾಳ ಹಾಕಿದ್ರ ಯಾರ ಗಂಟ ಹೋಗತೈತಿ?" ಅಂದಳು.

ನಾನು ಗದರಿಸಬೇಕಾಗಿತ್ತು. ಶಾಲಾ ಸುರಕ್ಷತಾ ಸಮಿತಿಗೆ ನಾನೇ ಅಧ್ಯಕ್ಷೆ. ಆದರೆ ಸೊಪ್ಪು ಎಳೆಯದಾಗಿತ್ತು, ಘಮಘಮಿಸುತ್ತಿತ್ತು, ಅಂದು ಮನೆಯಲ್ಲಿ ಚಟ್ನಿಗೆ ಏನೂ ಇರಲಿಲ್ಲ. ಒಂದು ಹಿಡಿ ಕಿತ್ತು ಬ್ಯಾಗಿಗೆ ಹಾಕಿಕೊಂಡೆ. ಅಧ್ಯಕ್ಷೆಯೇ ಹೀಗಿದ್ದರೆ ಸಮಿತಿ ಹೇಗಿದ್ದೀತು ಎಂದು ನೀವು ಕೇಳಬಹುದು. ಸಮಿತಿಯಲ್ಲಿ ನನ್ನನ್ನು ಬಿಟ್ಟರೆ ಯಲ್ಲವ್ವ ಒಬ್ಬಳೇ ಸಭೆಗೆ ಬರುತ್ತಿದ್ದಳು.

ಸಿಕ್ಕಿಬಿದ್ದದ್ದು ಅಣಕು ಕವಾಯತಿನ ದಿನ. ಬೆಂಕಿ ಬಿದ್ದಿದೆ ಎಂದು ಭಾವಿಸಿ ಸೈರನ್ ಊದುವುದು, ಮಕ್ಕಳು ತರಗತಿವಾರು ಸಾಲಾಗಿ ಮೈದಾನಕ್ಕೆ ಬರುವುದು, ಎಷ್ಟು ಹೊತ್ತು ಹಿಡಿಯಿತೆಂದು ಸಾಹೇಬರು ಗಡಿಯಾರ ನೋಡುವುದು, ಇದಿಷ್ಟೇ ಕವಾಯತು. ಅಗ್ನಿಶಾಮಕದಿಂದ ಬಂದ ಸಾಹೇಬರು ಕೊಂಕಣಿಯವರು, ಮೆಲು ಮಾತಿನವರು. ಬಕೆಟ್ಟಿನ ಎದುರು ನಿಂತು ಒಂದು ಎಸಳು ಕಿತ್ತು ಮೂಸಿ ನೋಡಿ "ಹೆಂ ಕಿತೆಂ, ಬಾಯ್?" ಇದೇನಮ್ಮಾ ಎಂದು ನನ್ನನ್ನು ಕೇಳಿದರು. ಇದೇನು ಎಂಬುದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನಾನು ಬಾಯಿ ತೆರೆಯುವ ಮೊದಲೇ ಯಲ್ಲವ್ವ, "ತಾಜಾ ಐತ್ರಿ ಸಾಹೇಬ್ರ, ಮನಿಗೆ ಒಂದೀಟು ಒಯ್ರಿ" ಅಂದುಬಿಟ್ಟಳು. ಸಾಹೇಬರು ಒಯ್ಯಲಿಲ್ಲ. ವಹಿಯಲ್ಲಿ ಏನೋ ಬರೆದುಕೊಂಡರು.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಸೈರನ್ ಊದಿತು. ಏಳನೆಯ ತರಗತಿಯ ಕೋಣೆ ಗೇಟಿಗೆ ಹತ್ತಿರ, ಒಂದನೆಯದು ವರಾಂಡದ ಆ ಕೊನೆಗೆ. ಏಳನೆಯವರ ಸಾಲಿನ ಮುಂದೆ ಕೆಂಪು ಬಿಲ್ಲೆ ಹಚ್ಚಿಕೊಂಡು ನಿಂತವಳು ಮುಬೀನಾ. ಸುರಕ್ಷತಾ ಮುಖಂಡೆ ಎಂದು ನಾನೇ ಆರಿಸಿದ್ದ ಹುಡುಗಿ ಅವಳು, ಚುರುಕು, ಮಾತು ಕಡಿಮೆ. ಅವಳು ಗೇಟಿನ ಕಡೆ ಎರಡು ಹೆಜ್ಜೆ ಇಟ್ಟಳು. ನಿಂತಳು. ತಿರುಗಿ ವರಾಂಡದುದ್ದಕ್ಕೂ ಒಳಗೆ ಓಡಿದಳು. ಅವಳ ಹಿಂದೆ ಒಬ್ಬಳು, ಅವಳ ಹಿಂದೆ ಇಬ್ಬರು, ನೋಡನೋಡುತ್ತಿದ್ದಂತೆ ಅರ್ಧ ಸಾಲು ಒಳಕ್ಕೆ ನುಗ್ಗಿತು. ಎದುರಿನಿಂದ ಹೊರಬರುತ್ತಿದ್ದ ಮೂರನೆಯ ನಾಲ್ಕನೆಯ ತರಗತಿಗಳಿಗೂ ಇವರಿಗೂ ನಡುದಾರಿಯಲ್ಲಿ ಢಿಕ್ಕಿ. ಒಬ್ಬನ ಮೊಣಕಾಲು ತರಚಿತು, ನನ್ನ ಮಾನವೂ ತಕ್ಕಮಟ್ಟಿಗೆ ತರಚಿತು. ಸಾಹೇಬರು ಗಡಿಯಾರ ನಿಲ್ಲಿಸಿ, ಇದು ಖರೆ ಬೆಂಕಿಯಾಗಿದ್ದರೆ ಗತಿ ಏನು ಬಾಯ್ ಎಂದರು. ಮುಂದಿನ ತಿಂಗಳು ಮತ್ತೆ ಬರುತ್ತೇನೆಂದು ಹೇಳಿ ಹೋದರು.

ನನಗೆ ಸಿಟ್ಟು ಬಂದಿತ್ತು. ಮುಬೀನಾಳನ್ನು ಕರೆದು ಎಲ್ಲರೆದುರು ಬಿಲ್ಲೆ ತೆಗೆಸಿದೆ. ಅವಳು ಅಳಲಿಲ್ಲ. ಬಿಲ್ಲೆಯನ್ನು ಮೇಜಿನ ಮೇಲಿಟ್ಟು ನಿಂತಳು.

"ಸಾಲು ಬಿಟ್ಟು ಯಾಕ ಓಡಿದಿ?"

"ಅಯಾನನ್ನ ಬಿಟ್ಟು ಹೆಂಗ ಬರ್ಲ್ರಿ ಟೀಚರ್?"

ಅಯಾನ್ ಅವಳ ತಮ್ಮ, ಒಂದನೆಯ ತರಗತಿ. "ಅವನ ಟೀಚರ್ ಇಲ್ಲೇನು? ಅವರು ಕರಕೊಂಡು ಬರ್ತಾರ."

"ಅವರಿಗೆ ಮೂವತ್ತು ಮಂದಿ ಅದಾರ್ರಿ. ನನಗ ಒಬ್ಬನ."

ಇಂಥ ಉತ್ತರ ಕೊಟ್ಟವರಿಗೆ ಏನು ಹೇಳಬೇಕೆಂದು ಬಿ.ಎಡ್.ನಲ್ಲಿ ಕಲಿಸಿರಲಿಲ್ಲ. ಉದ್ಧಟತನ ಎಂದು ತೀರ್ಮಾನಿಸಿ, ಅವಳ ತಾಯಿಗೆ ಹೇಳಿಯೇ ತೀರುತ್ತೇನೆಂದು ಅದೇ ಸಂಜೆ ಅವರ ಮನೆಗೆ ಹೊರಟೆ.

ಝುವಾರಿನಗರದಲ್ಲಿ ಒಬ್ಬರ ಮನೆ ಹುಡುಕುವುದೆಂದರೆ ಮೆಟ್ಟಿಲು ಹತ್ತುವುದು, ಇಳಿಯುವುದು, ಮತ್ತೆ ತಪ್ಪಾಗಿ ಹತ್ತುವುದು. ನನ್ನ ಎಡ ಮೊಣಕಾಲಿಗೆ ಈ ಊರಿನ ಒಂದೊಂದು ಮೆಟ್ಟಿಲೂ ಗೊತ್ತು. ಮುಬೀನಾಳ ತಾಯಿ ರೇಷ್ಮಾ ಆಗಷ್ಟೇ ಕೆಲಸದಿಂದ ಬಂದು ಅಕ್ಕಿ ತೊಳೆಯುತ್ತಿದ್ದಳು. ಬೆಳಿಗ್ಗೆ ಆರಕ್ಕೆ ಹೋದರೆ ಸಂಜೆ ಆರಕ್ಕೇ ಬರುವುದು. ಗಂಡ ಕೊರ್ಲಿಮ್‌ನ ಕಾರ್ಖಾನೆಗಳಿಗೆ ಮಾಲು ಹೊರುವ ಟೆಂಪೋದ ಮೇಲಿರುತ್ತಾನೆ. ನಾನು ಕುಳಿತು ದೂರೆಲ್ಲ ಹೇಳಿದೆ. ಅವಳು ಪೂರ್ತಿ ಕೇಳಿದಳು, ಕೈ ಒರೆಸಿಕೊಂಡಳು.

"ಅಕ್ಕೋರೆ, ಬೈಯೂದಾದ್ರ ನನಗ ಬೈರಿ. ನಾನ ಹೇಳೇನಿ ಆಕಿಗೆ. ಬೆಂಕಿ ಬರ್ಲಿ, ಮಳಿ ಬರ್ಲಿ, ಯಾರರೆ ಜಗಳಾಡ್ಲಿ, ಮೊದಲ ತಮ್ಮನ ಕೈ ಹಿಡಿ, ಆಮ್ಯಾಲೆ ಹೊರಗ ಬಾ ಅಂತ. ನಾವಿಬ್ಬರೂ ಮನ್ಯಾಗ ಇರೂದಿಲ್ರಿ. ಹಂಗ ಹೇಳದ ಹೆಂಗ ಬಿಟ್ಟು ಹೋಗೂದು?"

ನೆರೆಮನೆಯವಳು ಬಾಗಿಲಲ್ಲಿ ನಿಂತು, "ನಮ್ಮ ಹುಡುಗಿಗೂ ಹಂಗ ಹೇಳೇನ್ರಿ" ಅಂದಳು. ಆ ಓಣಿಯಲ್ಲಿ ಯಾರನ್ನು ಕೇಳಿದರೂ ಅದೇ ಮಾತು. ನಾನು ವರ್ಷಕ್ಕೊಮ್ಮೆ ಸೈರನ್ ಊದಿಸಿ ಕವಾಯತು ಮಾಡಿಸುತ್ತಿದ್ದೆ, ಇವರು ದಿನಾ ಬೆಳಿಗ್ಗೆ ಚಹಾದ ಜೊತೆ ಮಾಡಿಸುತ್ತಿದ್ದರು. ಮಕ್ಕಳು ಯಾವುದನ್ನು ಕಲಿತಿದ್ದರೆಂಬುದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ರೇಷ್ಮಾ ಕೊಟ್ಟ ಚಹಾ ಕುಡಿದು, ಬೈಯದೇ ವಾಪಸು ಬಂದೆ.

ಇಳಿದು ಬರುವಾಗ ನನ್ನ ತಂಗಿ ಸುಮಾ ನೆನಪಾದಳು. ನಾನು ಬೆಳೆದದ್ದು ಡಿಚೋಲಿಯಲ್ಲಿ. ಅಪ್ಪ ಗಣಿಯ ಅದಿರು ಹೊರುವ ಟ್ರಕ್ಕಿನ ಡ್ರೈವರು. ಒಣಗಿಸಿದ ಬಟ್ಟೆ, ಊಟದ ತಾಟು, ನನ್ನ ಎರಡು ಜಡೆ, ಎಲ್ಲದರ ಮೇಲೂ ಕೆಂಪು ಧೂಳು. ಅಪ್ಪನ ಟ್ರಕ್ಕಿನಲ್ಲಿ ಸೀಟಿನ ಹಿಂದೆ ಒಂದು ತಗಡಿನ ಪ್ರಥಮ ಚಿಕಿತ್ಸೆ ಡಬ್ಬಿ ಇತ್ತು. ಅದರಲ್ಲಿ ಅರಿಶಿಣ ಪುಡಿ, ಹಳೆಯ ಧೋತರದ ತುಂಡು, ಎಲೆ ಅಡಿಕೆ, ಅಂಬಾಭವಾನಿಯ ಒಂದು ಪಟ ಇದ್ದವು. ಅಷ್ಟರಲ್ಲೇ ಅಪ್ಪ ಇಪ್ಪತ್ತು ವರ್ಷ ಗಾಡಿ ಓಡಿಸಿದ. ಗಾಯಕ್ಕೆ ಅರಿಶಿಣ, ಗಾಬರಿಗೆ ಎಲೆ ಅಡಿಕೆ, ಉಳಿದದ್ದೆಲ್ಲ ದೇವಿಯ ಪಾಲಿಗೆ.

ಅವ್ವನ ತಯಾರಿ ಇನ್ನೂ ಬಿಗಿ. ನಮ್ಮ ಚಾಳು ಹಳ್ಳದ ದಂಡೆಗೆ ಇತ್ತು, ಮಳೆಗಾಲದಲ್ಲಿ ಒಮ್ಮೊಮ್ಮೆ ನೀರು ಹೊಸ್ತಿಲಿಗೆ ಬರುತ್ತಿತ್ತು. ಜೂನ್ ತಿಂಗಳು ಹತ್ತಿರ ಬಂದಂತೆ ಅವ್ವ ಮೂವರು ಮಕ್ಕಳನ್ನು ಸಾಲಾಗಿ ಕೂರಿಸಿ ಕೆಲಸ ಹಂಚುತ್ತಿದ್ದಳು. ಅಣ್ಣನಿಗೆ ರೇಷನ್ ಕಾರ್ಡು ಮತ್ತು ಕಾಗದಪತ್ರದ ಚೀಲ. ಅವ್ವನಿಗೆ ಸ್ಟೋವು ಮತ್ತು ಹಿಟ್ಟಿನ ಡಬ್ಬಿ. ನನಗೆ ಸುಮಾ. ಆಗ ನನಗೆ ಒಂಬತ್ತು ವರ್ಷ, ಅವಳಿಗೆ ಮೂರು.

ಒಂದು ಮಧ್ಯಾಹ್ನ ನಿಜಕ್ಕೂ ನೀರು ಬಂತು. ಎಲ್ಲರೂ ಕೂಗುತ್ತ ಮೇಲಿನ ರಸ್ತೆಗೆ ಓಡಿದರು, ನಾನೂ ಓಡಿದೆ. ರಸ್ತೆಯ ಮೇಲೆ ಅವ್ವ ನನ್ನ ಕೈ ನೋಡಿದಳು. ಕೈಯಲ್ಲಿ ಕಂಪಾಸ್ ಪೆಟ್ಟಿಗೆ ಇತ್ತು. ಆ ವಾರವಷ್ಟೇ ಕೊಡಿಸಿದ್ದ ಹೊಸ ಪೆಟ್ಟಿಗೆ, ಮುಚ್ಚಳದ ಮೇಲೆ ನವಿಲಿನ ಚಿತ್ರ. ಸುಮಾ ಇರಲಿಲ್ಲ. ಅವಳು ಮಂಚದ ಮೇಲೆ ಮಲಗಿ ನಿದ್ದೆ ಮಾಡುತ್ತಿದ್ದಳು. ಪಕ್ಕದ ಮನೆಯ ಮಾಮಾ ಮೊಣಕಾಲುಮಟ್ಟದ ನೀರಿನಲ್ಲಿ ಹೋಗಿ ಅವಳನ್ನು ಹೆಗಲ ಮೇಲೆ ಹೊತ್ತು ತಂದ. ಅವಳಿಗೆ ಆಗಲೂ ಪೂರ್ತಿ ಎಚ್ಚರವಾಗಿರಲಿಲ್ಲ. ಅವ್ವ ನನಗೆ ಹೊಡೆಯಲಿಲ್ಲ. ಹೊಡೆದಿದ್ದರೆ ಮರೆಯುತ್ತಿದ್ದೆನೋ ಏನೋ.

ಸುಮಾ ಈಗ ಹುಬ್ಬಳ್ಳಿಯಲ್ಲಿ ಬ್ಯಾಂಕಿನಲ್ಲಿದ್ದಾಳೆ. ಅವತ್ತು ಮನೆ ಮುಟ್ಟುವ ಮೊದಲೇ ದಾರಿಯಲ್ಲಿ ನಿಂತು ಅವಳಿಗೆ ಫೋನು ಮಾಡಿ ಕವಾಯತಿನ ಕಥೆ ಹೇಳಿದೆ. "ನಿನ್ನನ್ನ ಸುರಕ್ಷತಾ ಸಮಿತಿಗೆ ಅಧ್ಯಕ್ಷಿ ಮಾಡ್ಯಾರ? ಯಾರರೆ ನನ್ನ ಕೇಳಿದ್ರ ಹೇಳ್ತಿದ್ದೆ" ಎಂದು ಗಹಗಹಿಸಿ ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಆ ಹುಡುಗಿಗೆ ಬಿಲ್ಲೆ ವಾಪಸ್ ಕೊಡು ಅಕ್ಕಾ" ಅಂದಳು.

ಕೊಟ್ಟೆ. ಬರೀ ಬಿಲ್ಲೆ ಕೊಟ್ಟರೆ ಸಾಲದೆಂದು ಕವಾಯತನ್ನೇ ಬಿಚ್ಚಿ ಹೊಸದಾಗಿ ಹೊಲಿದೆ. ಮಕ್ಕಳು ತಮ್ಮಂದಿರು ತಂಗಿಯರ ಕಡೆ ಓಡಿಯೇ ಓಡುತ್ತಾರೆಂದ ಮೇಲೆ ಓಡುವ ದಾರಿಯನ್ನೇ ಸರಿಮಾಡುವುದು ಮೇಲಲ್ಲವೇ? ಒಂದನೆಯ ತರಗತಿಯನ್ನು ಗೇಟಿನ ಹತ್ತಿರ ಏಳನೆಯದರ ಪಕ್ಕಕ್ಕೆ ತಂದೆ. ಎರಡನೆಯದರ ಪಕ್ಕಕ್ಕೆ ಆರನೆಯದು. ದೊಡ್ಡ ರಟ್ಟಿನ ಮೇಲೆ ಒಂದು ಪಟ್ಟಿ ಬರೆದೆ. ಎಡಗಡೆ ಸಣ್ಣ ಮಕ್ಕಳ ಹೆಸರು, ಅದರೆದುರು ಕೈ ಹಿಡಿಯಬೇಕಾದ ದೊಡ್ಡ ಮಕ್ಕಳ ಹೆಸರು. ಅಕ್ಕ ಅಣ್ಣ ಇಲ್ಲದವರಿಗೆ ಅದೇ ಓಣಿಯ ಒಬ್ಬರನ್ನು ಗೊತ್ತುಮಾಡಿದೆ. ಒಂದನೆಯ ತರಗತಿಗೆ ನಾನೇ ಹೋಗಿ, ನಿಮ್ಮ ನಿಮ್ಮ ಅಕ್ಕ ಅಣ್ಣ ಬಂದು ಕೈ ಹಿಡಿಯುವವರೆಗೆ ಯಾರೂ ಅಲುಗಾಡಬೇಡಿ ಎಂದು ನಾಲ್ಕು ಸಲ ಹೇಳಿದೆ. ಬಕೆಟ್ಟುಗಳಿಗೆ ಒಣ ಮರಳು ತುಂಬಿಸಿ, ಯಲ್ಲವ್ವನ ಕೊತ್ತಂಬರಿಗೆ ಬಾವಿಯ ಹಿಂದೆ ಒಂದು ಮಡಿ ತೋರಿಸಿದೆ.

ಮುಂದಿನ ತಿಂಗಳು ಬಂದ ಸಾಹೇಬರಿಗೆ ಇದು ಸರಿಬರಲಿಲ್ಲ. ತರಗತಿವಾರು ಸಾಲು ಎಂದು ಪುಸ್ತಕದಲ್ಲಿದೆ ಎಂದರು. "ಪುಸ್ತಕ ಬರೆದವರಿಗೆ ತಮ್ಮ ಇರಲಿಕ್ಕಿಲ್ಲ ಸಾಹೇಬರೇ, ಮೊದಲು ಗಡಿಯಾರ ನೋಡಿ" ಎಂದು ನಾನು ನನ್ನ ಮುರುಕು ಕೊಂಕಣಿಯಲ್ಲಿ ಹೇಳಿದೆ. ಸೈರನ್ ಊದಿತು. ಮಕ್ಕಳು ಜೋಡಿ ಜೋಡಿಯಾಗಿ, ಗಲಾಟೆಯಿಲ್ಲದೆ, ಹಿಂದಿನ ಸಲದ ಅರ್ಧ ಹೊತ್ತಿನಲ್ಲಿ ಮೈದಾನ ಸೇರಿದರು. ಸಾಹೇಬರು ಗಡಿಯಾರವನ್ನು ಎರಡು ಸಲ ನೋಡಿ ಸಹಿ ಹಾಕಿದರು. ಆ ದಿನ ನನ್ನ ಕಾಲು ನೆಲದ ಮೇಲೆ ಇರಲಿಲ್ಲ. ಸಿಕ್ಕಿದವರಿಗೆಲ್ಲ ನನ್ನ ಪಟ್ಟಿಯ ಮಹಿಮೆ ಹೇಳಿದೆ. ಬೇರೆ ಶಾಲೆಯ ಇಬ್ಬರು ಹೆಡ್ಮಾಸ್ತರರು ಬಂದು ಫೋಟೋ ತೆಗೆದುಕೊಂಡು ಹೋದರು.

ಮಳೆಗಾಲ ಬಂತು. ಒಂದು ಮಧ್ಯಾಹ್ನ ಮಕ್ಕಳು ಶಾಲೆಯ ಊಟದ ಪಾವ್ ಭಾಜಿ ತಿಂದು ಕೈ ತೊಳೆದು ತರಗತಿಗೆ ಹೋಗಿದ್ದರು. ಹೊರಗೆ ಜಡಿಮಳೆ. ಮೆಟ್ಟಿಲಿನ ಕೆಳಗಿನ ಮೀಟರ್ ಬೋರ್ಡಿನಿಂದ ಚಟಚಟ ಸದ್ದು ಬಂತು, ದೀಪಗಳು ಆರಿದವು, ಕಪ್ಪು ಹೊಗೆ ವರಾಂಡಕ್ಕೆ ನುಗ್ಗಿತು. ನಾನು ಓಡಿಹೋಗಿ ಸೈರನ್ನಿನ ಗುಂಡಿ ಒತ್ತಿದೆ. ಅದು ಊದಲಿಲ್ಲ. ಅದಕ್ಕೆ ಕರೆಂಟು ಬರುತ್ತಿದ್ದದ್ದೂ ಅದೇ ಬೋರ್ಡಿನಿಂದ. ಇಷ್ಟು ವರ್ಷ ಅಧ್ಯಕ್ಷೆಯಾಗಿದ್ದ ನನಗೆ ಇದು ಹೊಳೆದಿರಲಿಲ್ಲ. ಗಂಟೆಯ ಕಬ್ಬಿಣದ ತುಂಡನ್ನು ಬಡಿಯುತ್ತ ಗಂಟಲು ಹರಿಯುವಂತೆ ಕೂಗಿದೆ. ಯಲ್ಲವ್ವ ಗೇಟಿನ ಹತ್ತಿರದ ಮೇನ್ ಸ್ವಿಚ್ ಕೆಳಗೆಳೆದು, ಮರಳಿನ ಬಕೆಟ್ಟು ಹೊತ್ತು ಓಡಿದಳು.

ಮಕ್ಕಳು ಬಂದರು. ಎಲ್ಲವೂ ಪಟ್ಟಿಯ ಪ್ರಕಾರ. ಹೊಗೆಯೊಳಗಿನಿಂದ ಜೋಡಿ ಜೋಡಿಯಾಗಿ ಕೈ ಹಿಡಿದುಕೊಂಡು ಮಳೆಗೆ ಬಂದು ನಿಂತರು. ನಾನು ಅದನ್ನು ನೋಡುತ್ತ, ನಾಚಿಕೆ ಬಿಟ್ಟು ಹೇಳುತ್ತೇನೆ, ಹೆಮ್ಮೆಪಡುತ್ತಿದ್ದೆ. ಅಷ್ಟರಲ್ಲಿ ಒಂದನೆಯ ತರಗತಿಯ ಟೀಚರು ಹಾಜರಿ ಪುಸ್ತಕ ಹಿಡಿದು ನನ್ನ ಹತ್ತಿರ ಬಂದರು. ಮುಖ ಬಿಳಿಚಿಕೊಂಡಿತ್ತು. "ಒಬ್ಬ ಕಮ್ಮಿ ಅದಾನ್ರಿ. ಅಯಾನ್. ಕತ್ತಲಾಗಿತ್ರಿ, ಎಲ್ಲಾರೂ ಹೋದ್ರು ಅಂತ ತಿಳಕೊಂಡೆ."

ನಾನು ಏಳನೆಯವರ ಸಾಲಿನಲ್ಲಿ ಮುಬೀನಾಳನ್ನು ಹುಡುಕಿದೆ. ಆಗ ನೆನಪಾಯಿತು. ಅವಳಿಗೆ ಎರಡು ದಿನದಿಂದ ಜ್ವರ. ಬೆಳಿಗ್ಗೆ ಏಳನೆಯದರ ಹಾಜರಿ ತೆಗೆದು ಅವಳ ಹೆಸರಿನ ಮುಂದೆ ಗೈರುಹಾಜರಿಯ ಗುರುತು ಹಾಕಿದವಳು ನಾನೇ. ಅಯಾನ್ ನೆರೆಮನೆಯವರ ಜೊತೆ ಬಂದಿದ್ದ. ಕೈ ಹಿಡಿಯುವವರು ಬಾರದಿದ್ದರೆ ಏನು ಮಾಡಬೇಕೆಂದು ನನ್ನ ಪಟ್ಟಿಯಲ್ಲಿ ಇರಲಿಲ್ಲ.

ಯಾರಿಗೂ ಹೇಳದೆ ಒಳಗೆ ಹೋದೆ. ತೋಯ್ದ ಸೆರಗನ್ನು ಮೂಗಿಗೆ ಕಟ್ಟಿಕೊಂಡು, ಹೊಗೆ ಮೇಲಿರುತ್ತದೆ ಎಂದು ಮಕ್ಕಳಿಗೆ ಕಲಿಸಿದ್ದು ನೆನಪಾಗಿ, ಬಗ್ಗಿ ನಡೆದೆ. ಕಣ್ಣು ಉರಿಯುತ್ತಿತ್ತು. ಮೊಣಕಾಲು ಬೇಡವೆನ್ನುತ್ತಿತ್ತು. ಒಂದನೆಯ ತರಗತಿಯ ಕೊನೆಯ ಬೆಂಚಿನ ಕೆಳಗೆ ಅಯಾನ್ ಕುಳಿತಿದ್ದ. ಚೀಲ ಬೆನ್ನಿಗಿತ್ತು, ಎರಡೂ ಬೂಟು ಹಾಕಿಕೊಂಡಿದ್ದ, ಹೊರಡಲು ತಯಾರಾಗಿದ್ದ. ಕೆಮ್ಮುತ್ತಿದ್ದ. ಅಳುತ್ತಿರಲಿಲ್ಲ.

"ಬಾ ಅಯಾನ್, ಲಗೂನ ಬಾ."

"ಅಕ್ಕ ಬಂದಿಲ್ರಿ ಟೀಚರ್."

"ಆಕಿಗೆ ಜ್ವರ ಐತಪ್ಪ, ಮನ್ಯಾಗ ಅದಾಳ. ನನ್ನ ಕೈ ಹಿಡಿ."

"ಅಕ್ಕ ಬರೂತನಕ ಅಲುಗಾಡಬ್ಯಾಡ್ರಿ ಅಂತ ನೀವ ಹೇಳೀರಲ್ರಿ."

ವಾದ ಮಾಡುವ ಹೊತ್ತಲ್ಲ ಅದು. ಕಾಲು ಹಿಡಿದು ಎಳೆದೆ, ಕಂಕುಳಲ್ಲಿ ಸಿಕ್ಕಿಸಿಕೊಂಡು ಹೊರಗೆ ತಂದೆ. ಮೈದಾನದ ಮಳೆಯಲ್ಲಿ ಇಳಿಸಿದ ಮೇಲೆ ಅವನು ಅತ್ತ, ನಾನೂ ಅತ್ತೆ.

ಬೆಂಕಿ ದೊಡ್ಡದೇನೂ ಆಗಲಿಲ್ಲ. ಅಗ್ನಿಶಾಮಕದವರು ಬರುವ ಹೊತ್ತಿಗೆ ಯಲ್ಲವ್ವನ ಮರಳು ಕೆಲಸ ಮುಗಿಸಿತ್ತು. ಒಂದು ಬೋರ್ಡು ಸುಟ್ಟಿತು, ಒಂದು ಗೋಡೆ ಕಪ್ಪಾಯಿತು. ಪೇಪರಿನಲ್ಲಿ ಬರುವಂಥದ್ದೇನೂ ಅಲ್ಲ.

ಮರುದಿನ ಪ್ರಾರ್ಥನೆಗೆ ಮೊದಲೇ ರೇಷ್ಮಾ ಕೆಲಸ ಬಿಟ್ಟು ಬಂದಿದ್ದಳು. ಪಕ್ಕದಲ್ಲಿ ಸಮವಸ್ತ್ರ ತೊಟ್ಟ ಮುಬೀನಾ, ತಲೆಗೆ ದುಪಟ್ಟಾ ಬಿಗಿಯಾಗಿ ಸುತ್ತಿಕೊಂಡು ನಿಂತಿದ್ದಳು. ತಾಯಿ ಬೈಯುತ್ತಾಳೆಂದು ನಾನು ತಯಾರಾಗಿದ್ದೆ. ಬೈಸಿಕೊಳ್ಳುವುದು ನನ್ನ ಪಾಲಿನದೇ ಆಗಿತ್ತು. ಆದರೆ ರೇಷ್ಮಾ ನನ್ನ ಕೈ ಹಿಡಿದುಕೊಂಡಳು.

"ತಪ್ಪಾತ್ರಿ ಅಕ್ಕೋರೆ. ಜ್ವರ ಅಂತ ನಾನ ಮನ್ಯಾಗ ಇಟಗೊಂಡೆ. ಇನ್ನ ಮ್ಯಾಲೆ ಜ್ವರ ಬಂದ್ರೂ ಆಕಿನ್ನ ಕಳಸ್ತೇನ್ರಿ."

ಮುಬೀನಾಳ ಹಣೆ ಮುಟ್ಟಿದೆ. ಸುಡುತ್ತಿತ್ತು. ಅವಳು ತಲೆ ತಗ್ಗಿಸಿ, "ನಂದ ತಪ್ಪು ಟೀಚರ್" ಎಂದಳು. ಹನ್ನೆರಡು ವರ್ಷದ ಹುಡುಗಿ. ಮೊದಲು ಅವಳು ತಮ್ಮನ ಕಡೆ ಓಡಿದ್ದಕ್ಕೆ ಬಿಲ್ಲೆ ಕಿತ್ತುಕೊಂಡೆ. ಆಮೇಲೆ ಅದನ್ನೇ ಕೊಂಡಾಡಿ, ರಟ್ಟಿನ ಮೇಲೆ ಬರೆದು, ಅವಳ ಹೆಗಲಿಗೆ ಗಟ್ಟಿಯಾಗಿ ಕಟ್ಟಿದೆ. ಜ್ವರ ಬಂದು ಮಲಗುವುದೂ ತಪ್ಪೆಂದು ಅವಳಿಗೆ ಅನ್ನಿಸುವ ಹಾಗೆ ಮಾಡಿದವಳು ನಾನು. ಕಂಪಾಸ್ ಪೆಟ್ಟಿಗೆ ಹಿಡಿದು ಓಡಿದ ದಿನವೂ ನನಗೆ ಇಷ್ಟು ನಾಚಿಕೆಯಾಗಿರಲಿಲ್ಲ.

"ನಿಂದೂ ತಪ್ಪಲ್ಲ, ನಿಮ್ಮವ್ವಂದೂ ತಪ್ಪಲ್ಲ. ತಪ್ಪು ನನ್ನದು" ಎಂದೆ. ರೇಷ್ಮಾಳಿಗೆ, "ಜ್ವರ ಬಂದ್ರ ಮನ್ಯಾಗ ಮಲಗಸು. ಅಯಾನ್ ನಮ್ಮ ಜವಾಬ್ದಾರಿ. ಈಕಿನೂ ನಮ್ಮ ಜವಾಬ್ದಾರಿ" ಎಂದು ಹೇಳಿ, ಇಬ್ಬರನ್ನೂ ರಿಕ್ಷಾ ಹತ್ತಿಸಿ ದವಾಖಾನೆಗೆ ಕಳಿಸಿದೆ.

ಆ ವಾರ ಪಟ್ಟಿಯನ್ನು ಮತ್ತೆ ಬರೆದೆ. ಪ್ರತಿ ಸಣ್ಣ ಮಗುವಿನ ಎದುರು ಎರಡು ಹೆಸರು, ಎರಡನೆಯದು ಕಡ್ಡಾಯವಾಗಿ ದೊಡ್ಡವರದು. ಯಲ್ಲವ್ವ, ಟೀಚರುಗಳು, ಗೇಟಿನ ವಾಚ್‌ಮನ್, ಎಲ್ಲರೂ ಅದರಲ್ಲಿ ಬಂದರು. ಕೋಣೆ ಬಿಡುವ ಮೊದಲು ಟೀಚರು ಬೆಂಚಿನ ಕೆಳಗೆ ಬಗ್ಗಿ ನೋಡಬೇಕೆಂದು ಮೇಲೆ ದಪ್ಪಗೆ ಬರೆದೆ. ಸೈರನ್ನಿಗೆ ಬ್ಯಾಟರಿ ಹಾಕಿಸಿದೆ.

ಎಂಟು ದಿನದ ಮೇಲೆ ಮುಬೀನಾ ಬಂದಳು, ಸ್ವಲ್ಪ ಸೊರಗಿದ್ದಳು. ನೇರ ಪಟ್ಟಿಯ ಹತ್ತಿರ ಹೋಗಿ ಬೆರಳಿಟ್ಟು ಓದತೊಡಗಿದಳು. ಅಯಾನನ ಸಾಲಿಗೆ ಬಂದು ಎರಡೂ ಹೆಸರು ಓದಿ ತಲೆಯಾಡಿಸಿದಳು. ಇನ್ನಷ್ಟು ಕೆಳಗೆ ಹೋಗಿ ಬೆರಳು ನಿಂತಿತು.

"ಟೀಚರ್, ನನ್ನ ಹೆಸರು ಎಡಕ್ಕ ಬರದೀರಿ. ಅದು ಸಣ್ಣೋರ ಸಾಲು ಅಲ್ಲೇನ್ರಿ?"

"ಹೌದು. ಏಳನೇದವರೆಲ್ಲಾ ಅಲ್ಲೇ ಅದಾರ. ನೀವೂ ಸಣ್ಣೋರ."

ಅವಳ ಬೆರಳು ಬಲಕ್ಕೆ ಸರಿದು, ತನ್ನ ಹೆಸರಿನ ಎದುರಿಗಿದ್ದ ಹೆಸರನ್ನು ಓದಿತು. ಅದು ನನ್ನದು.

"ನಿಮಗ ಮೊಣಕಾಲು ನೋವು ಐತಲ್ರಿ. ನಿಮಗ ಓಡಾಕ ಆಗೂದಿಲ್ಲ."

"ಮತ್ತ ಏನ ಮಾಡೂಣು?"

"ನಾ ಸಾವಕಾಶ ಬರ್ತೇನಿ ತಗೋರಿ" ಅಂದಳು.

ಮುಂದಿನ ಕವಾಯತಿನಲ್ಲಿ ಸೈರನ್ ಊದಿತು. ಒಂದು ಕೈಯಲ್ಲಿ ಅಯಾನನನ್ನು ಹಿಡಿದ ಮುಬೀನಾಳ ಇನ್ನೊಂದು ಕೈಯನ್ನು ನಾನು ಹಿಡಿದುಕೊಂಡೆ. ನಾವು ಮೂವರೂ ಎಲ್ಲರಿಗಿಂತ ಕೊನೆಗೆ ಮೈದಾನ ಸೇರಿದೆವು. ಸಾಹೇಬರು ಗಡಿಯಾರ ನಿಲ್ಲಿಸಿ, ತಡವಾಯಿತು ಬಾಯ್ ಎಂದರು. ಇರಲಿ ಬರೆದುಕೊಳ್ಳಿ ಎಂದೆ. ಸೈರನ್ ನಿಂತ ಮೇಲೂ ಆ ಹುಡುಗಿ ನನ್ನ ಕೈ ಬಿಟ್ಟಿರಲಿಲ್ಲ.